ದಡ ಹತ್ತಿದ ಬಾರ್ಜ್: ಆರು ವಾರದ ಕೆಲಸ ಹತ್ತೊಂಬತ್ತು ವಾರವಾದ ಬಗೆ

ನಾವು ಕೊಂಡ ಹಳೆಯ ಸರಕು ದೋಣಿಯನ್ನು, ಅಂದರೆ ಬಾರ್ಜನ್ನು, ದಡಕ್ಕೆತ್ತಿ ರಿಪೇರಿ ಮಾಡಲು ದೋಣಿ ಯಾರ್ಡಿನವರು ಹೇಳಿದ್ದು ಆರು ವಾರ. ಬಾರ್ಜ್ ಮತ್ತೆ ನೀರಿಗಿಳಿದದ್ದು ಹತ್ತೊಂಬತ್ತನೆಯ ವಾರ. ಈ ನಡುವೆ ಯಾರೂ ಕೈಕಟ್ಟಿ ಕೂತಿರಲಿಲ್ಲ, ಯಾರೂ ಮೋಸ ಮಾಡಿದ್ದೂ ಇಲ್ಲ. ಯಾವ ಕೆಲಸದ ಹಿಂದೆ ಯಾವುದು ಬರಬೇಕು ಎಂಬ ಸರದಿ ತಪ್ಪಿತ್ತು, ಅಷ್ಟೇ. ಅಡುಗೆಮನೆ ಎಲ್ಲಿ, ಮಂಚ ಎಲ್ಲಿ ಎಂಬ ನಕ್ಷೆ ಬರೆಯುವುದರಲ್ಲಿ ಚಳಿಗಾಲವೆಲ್ಲ ಕಳೆಯಿತು. ಕಾಲ ಕೆಳಗಿನ ಉಕ್ಕು ಎಷ್ಟು ದಪ್ಪ ಉಳಿದಿದೆ ಎಂದು ನೋಡಿದ್ದು ಕೊನೆಗೆ.

ದೋಣಿಯ ಬಗ್ಗೆ ಎರಡು ಮಾತು. ಇದು ಲುಕ್ಸೆಮೋಟರ್ ಎಂಬ ಬಗೆಯ ಡಚ್ ಬಾರ್ಜ್. ನೆದರ್ಲೆಂಡ್ಸಿನಲ್ಲಿ 1920 ಮತ್ತು 30ರ ದಶಕಗಳಲ್ಲಿ ಸರಕು ಸಾಗಿಸಲು ಇಂಥವನ್ನು ಕಟ್ಟುತ್ತಿದ್ದರು. ಹಿಂಬದಿಯಲ್ಲಿ ಎಂಜಿನ್ನು, ಚುಕ್ಕಾಣಿಯ ಕೋಣೆ, ನಾವಿಕನ ಪುಟ್ಟ ಮನೆ; ಮುಂದೆಲ್ಲ ಸರಕಿನ ಗೋದಾಮು. ಈಗ ಆ ಗೋದಾಮೇ ವಾಸದ ಮನೆ. 18 ಮೀಟರ್ ಉದ್ದ, 4.2 ಮೀಟರ್ ಅಗಲ, ರಿವೆಟ್ ಹೊಡೆದು ಕೂಡಿಸಿದ ತಗಡುಗಳು. ನಿಲ್ಲುವುದು ಇಂಗ್ಲೆಂಡಿನ ಥೇಮ್ಸ್ ನದಿಯಲ್ಲಿ, ಟೆಡಿಂಗ್ಟನ್ ಲಾಕ್ ಎಂಬ ನೀರ್ಬಾಗಿಲಿನ ಮೇಲ್ಭಾಗದ ಸಿಹಿನೀರಿನಲ್ಲಿ. ಸಿಹಿನೀರು ಎಂಬುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮೊದಲ ತೊಡಕು ಕಾಗದದ್ದು. ವಿಮೆ ಇಲ್ಲದ ದೋಣಿಯನ್ನು ಯಾರ್ಡು ಒಳಗೆ ಬಿಡುವುದಿಲ್ಲ. ಇಷ್ಟು ಹಳೆಯ ಉಕ್ಕಿನ ದೋಣಿಗೆ ಸರ್ವೇ ವರದಿ, ಅಂದರೆ ತಜ್ಞರು ತಪಾಸಣೆ ಮಾಡಿ ಬರೆದ ವರದಿ, ಇಲ್ಲದೆ ವಿಮೆ ಕಂಪನಿ ಪೂರ್ಣ ವಿಮೆ ಕೊಡುವುದಿಲ್ಲ. ದೋಣಿ ನೀರಿನಿಂದ ಮೇಲೆ ಬರದೆ ಸರ್ವೇ ಆಗುವುದಿಲ್ಲ. ಈ ಸುತ್ತಿನಲ್ಲೇ ಮೂರು ವಾರ ಹೋದವು. ದಾರಿ ಸುಲಭದ್ದೇ ಇತ್ತು, ಕೇಳಬೇಕೆಂದು ಹೊಳೆದಿರಲಿಲ್ಲ: ಮೊದಲು ಮೂರನೆಯವರ ನಷ್ಟಕ್ಕೆ ಮಾತ್ರ ಅನ್ವಯವಾಗುವ ವಿಮೆ ತೆಗೆದುಕೊಂಡು ಯಾರ್ಡಿಗೆ ಹೋಗಿ, ವರದಿ ಬಂದ ಮೇಲೆ ಪೂರ್ಣ ವಿಮೆಗೆ ಬದಲಾಯಿಸಿಕೊಳ್ಳುವುದು. ಜೊತೆಗೆ ಮಾರಾಟಪತ್ರ, ಹಳೆಯ ಸರ್ವೇ ವರದಿಗಳು, ಡಚ್ ನೋಂದಣಿಯಿಂದ ದೋಣಿಯ ಹೆಸರು ತೆಗೆದ ಪತ್ರ, ಇವನ್ನೆಲ್ಲ ಒಂದೇ ಫೈಲಿನಲ್ಲಿಡಿ. ಡಚ್ ನೋಂದಣಿಯಲ್ಲಿದ್ದ ದೋಣಿಗಳ ಉಕ್ಕಿನ ಮೇಲೆಯೇ ನಂಬರು ಕೆತ್ತಿರುತ್ತಾರೆ. ಅದು ಕಾಗದದ ನಂಬರಿಗೆ ಹೊಂದುತ್ತದೆಯೇ ಎಂದು ಬಣ್ಣ ಕೆರೆದು ನೋಡಿ, ಒಂದು ಫೋಟೊ ತೆಗೆದಿಟ್ಟುಕೊಳ್ಳಿ.

ಯಾರ್ಡು ಕೇಳುವ ಎರಡನೆಯ ಪ್ರಶ್ನೆ ತೂಕ. "ಸುಮಾರು ಇಷ್ಟಿರಬಹುದು" ಎಂದರೆ ನಡೆಯದು, ಕ್ರೇನು ಮತ್ತು ಟ್ರಾಲಿಯ ತಾಕತ್ತು ಅದರ ಮೇಲೆ ನಿಂತಿದೆ. ಉದ್ದ, ಅಗಲ, ನೀರಿನೊಳಗೆ ಮುಳುಗಿರುವ ಆಳ, ಈ ಮೂರನ್ನೂ ಗುಣಿಸಿ, ತುದಿಗಳು ಚೂಪಾಗಿರುವುದಕ್ಕೆ 0.8ರಿಂದ ಗುಣಿಸಿದರೆ ಸಿಹಿನೀರಿನಲ್ಲಿ ಸರಿಸುಮಾರು ಟನ್ ಲೆಕ್ಕ ಸಿಗುತ್ತದೆ. ನಮ್ಮದು 18 × 4.2 × 0.8 × 0.8, ಅಂದರೆ 48 ಟನ್. ಸಾವಿರ ಲೀಟರ್ ನೀರಿನ ಟ್ಯಾಂಕ್ ಖಾಲಿ ಮಾಡಿದರೆ ಒಂದು ಟನ್ ಇಳಿಯಿತು. ಕ್ರೇನಿನ ಪಟ್ಟಿ ಹಾಕಿ ಎತ್ತುವುದಾದರೆ ಪ್ರೊಪೆಲರ್ ಶಾಫ್ಟ್, ಚುಕ್ಕಾಣಿ, ಎಂಜಿನ್ ತಂಪು ಮಾಡುವ ಪೈಪುಗಳು ಎಲ್ಲಿವೆ ಎಂದು ಬದಿಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಪಟ್ಟಿ ಶಾಫ್ಟಿನ ಮೇಲೆ ಕೂತರೆ ಅದು ಬಾಗುತ್ತದೆ.

ದೋಣಿ ಮೇಲೆ ಬಂದ ಗಂಟೆಯೊಳಗೇ ಪ್ರೆಶರ್ ವಾಷರ್‌ನಿಂದ ತೊಳೆಸಬೇಕು. ಪಾಚಿ, ಕಪ್ಪೆಚಿಪ್ಪು ಹಸಿಯಾಗಿದ್ದರೆ ಸಲೀಸಾಗಿ ಉದುರುತ್ತವೆ. ಒಣಗಿದರೆ ಕೆರೆಯಲು ಉಳಿಯೇ ಬೇಕು. ಮರದ ದಿಮ್ಮಿಗಳ ಮೇಲೆ ದೋಣಿಯನ್ನು ಕೂರಿಸುವಾಗಲೇ ಒಂದು ಮಾತು ಆಡಿಕೊಳ್ಳಿ: ಬಣ್ಣದ ಹೊತ್ತಿಗೆ ದಿಮ್ಮಿಗಳನ್ನು ಒಮ್ಮೆ ಜರುಗಿಸಿಕೊಡುತ್ತೀರಾ, ಅದಕ್ಕೆ ಬೇರೆ ದುಡ್ಡೇ? ಇದನ್ನು ಮೊದಲೇ ಕೇಳದಿದ್ದರೆ ದಿಮ್ಮಿಯಡಿಯ ಜಾಗಗಳು ಬಣ್ಣ ಕಾಣದೆಯೇ ನೀರಿಗಿಳಿಯುತ್ತವೆ.

ಸರ್ವೇಯರ್ ತಂದದ್ದು ಅಲ್ಟ್ರಾಸೌಂಡ್ ಮೀಟರು ಮತ್ತು ಸುತ್ತಿಗೆ. ಎರಡೂ ಬೇಕು. ಅಗ್ಗದ ಮೀಟರು ಉಕ್ಕಿನ ಮೇಲಿನ ಡಾಂಬರಿನ ಪದರವನ್ನೂ ಉಕ್ಕೆಂದೇ ಎಣಿಸುತ್ತದೆ. ಬಣ್ಣದೊಳಗೆ ಶಬ್ದ ನಿಧಾನವಾಗಿ ಚಲಿಸುವುದರಿಂದ ಒಂದು ಮಿಲಿಮೀಟರ್ ಬಣ್ಣ ಎರಡೂವರೆ ಮಿಲಿಮೀಟರ್ ಉಕ್ಕಿನಂತೆ ತೋರಬಹುದು. ಆದ್ದರಿಂದ ಅಳೆಯುವ ಕಡೆಯೆಲ್ಲ ಹೊಳೆಯುವ ತನಕ ಕೆರೆಸಿ, ಇಲ್ಲವೇ ಬಣ್ಣವನ್ನು ಬಿಟ್ಟು ಅಳೆಯುವ ಮೀಟರನ್ನೇ ತನ್ನಿ ಎಂದು ಕೇಳಿ. ಸುತ್ತಿಗೆಗೆ ಇಂಥ ಗೊಂದಲವಿಲ್ಲ. ಗಟ್ಟಿ ತಗಡು ಗಂಟೆಯಂತೆ ಕೇಳುತ್ತದೆ, ಸವೆದದ್ದು ಹಳೆ ಡಬ್ಬದಂತೆ.

ಮೂಲತಃ 6 ಮಿಲಿಮೀಟರ್ ಇದ್ದ ತಗಡು ಬದಿಗಳಲ್ಲಿ 5ರ ಮೇಲೆಯೇ ಉಳಿದಿತ್ತು. ನೀರಿನ ಗೆರೆಯಲ್ಲಿ, ಗಾಳಿಯೂ ನೀರೂ ಎರಡೂ ತಾಗುವ ಕಡೆ, 4.1ರಿಂದ 4.6. ಸ್ನಾನದ ಮನೆಯ ಮತ್ತು ಅಡುಗೆಮನೆಯ ಅಡಿಯ ತಳದಲ್ಲಿ 3.2. ಹೊರಗಿನಿಂದ ನೋಡಿದರೆ ಅದೇ ಭಾಗ ಎಲ್ಲಕ್ಕಿಂತ ಚೆನ್ನಾಗಿತ್ತು! ತುಕ್ಕು ತಿಂದದ್ದು ಒಳಗಿನಿಂದ. ಸೋರುವ ಶವರ್ ತಟ್ಟೆಯ ನೀರು ವರ್ಷಗಟ್ಟಲೆ ತಳದಲ್ಲಿ ನಿಂತಿತ್ತು, ಮೇಲೆ ಹಲಗೆ ಮುಚ್ಚಿತ್ತು. ಸಾಮಾನ್ಯವಾಗಿ ವಿಮೆ ಕಂಪನಿಗಳು 4 ಮಿಲಿಮೀಟರಿಗಿಂತ ಕಡಿಮೆಯಾದುದನ್ನು ಒಪ್ಪುವುದಿಲ್ಲ. ಒಟ್ಟು 22 ಚದರ ಮೀಟರಿಗೆ ಹೊಸ ತಗಡು ಹೊದಿಸಬೇಕು ಎಂದು ವರದಿ ಬಂತು. ಆರು ವಾರದ ಮಾತು ಅಲ್ಲಿಗೆ ಮುಗಿಯಿತು.

ತಗಡು ಹೊದಿಸುವುದು ಹೊರಗಿನ ಕೆಲಸ ಎಂದುಕೊಂಡವರು ಒಳಗೆ ಏನಾಗುತ್ತದೆಂದು ಯೋಚಿಸಿರುವುದಿಲ್ಲ. ವೆಲ್ಡಿಂಗ್ ಮಾಡುವ ತಗಡಿನ ಒಳಮೈಯೂ ಕೆಂಪಗೆ ಕಾಯುತ್ತದೆ. ಅಲ್ಲಿ ಪಾಲಿಯುರೆಥೇನ್ ಫೋಮ್ ಅಂಟಿದ್ದರೆ ಅದು ಹೊತ್ತಿ, ಸೈನೈಡ್ ಅನಿಲ ಬೆರೆತ ಹೊಗೆ ಬಿಡುತ್ತದೆ. ಆದ್ದರಿಂದ ಪ್ರತಿ ವೆಲ್ಡಿಂಗ್ ಗೆರೆಯ ಎರಡೂ ಬದಿಗೆ ಕನಿಷ್ಠ 300 ಮಿಲಿಮೀಟರ್ ಫೋಮು, ಹಲಗೆ, ವಯರು ಎಲ್ಲವನ್ನೂ ಕಿತ್ತು ಬರಿ ಉಕ್ಕು ಕಾಣಿಸಬೇಕಾಯಿತು. ಹಿಂದಿನ ಮಾಲೀಕರು ಹೊಸದಾಗಿ ಮಾಡಿಸಿದ್ದ ಅಡುಗೆಮನೆ ಹೀಗೆ ಹೊರಬಿತ್ತು. ಅದರ ಚೆಂದಕ್ಕೇ ಬೆಲೆ ಹೆಚ್ಚು ಕೊಟ್ಟಿದ್ದೆವಲ್ಲ ಎಂಬ ಸಂಕಟ ಕೆಲವು ದಿನ ಇತ್ತು. ಕಿತ್ತ ಹಲಗೆಗಳ ಹಿಂದೆ ನಂಬರು ಬರೆದಿಟ್ಟದ್ದರಿಂದ ಅರ್ಧದಷ್ಟಾದರೂ ಮತ್ತೆ ಬಳಕೆಗೆ ಬಂದವು.

ವೆಲ್ಡಿಂಗ್ ನಡೆಯುವಷ್ಟು ಹೊತ್ತೂ ಒಳಗೊಬ್ಬರು ನೀರು, ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಕಾಯಬೇಕು. ಕೆಲಸ ನಿಂತ ಮೇಲೂ ಒಂದು ಗಂಟೆ. ಬ್ಯಾಟರಿಯ ಎರಡೂ ತುದಿಗಳನ್ನು, ಆಲ್ಟರ್ನೇಟರ್ ವಯರನ್ನು ಬಿಚ್ಚಿಡಿ. ವೆಲ್ಡರನ ಅರ್ತ್ ಕ್ಲ್ಯಾಂಪ್ ವೆಲ್ಡಿಂಗಿನ ಪಕ್ಕದಲ್ಲೇ ಕಚ್ಚಿರಬೇಕು. ದೂರದಲ್ಲಿ ಸಿಕ್ಕಿಸಿದರೆ ಕರೆಂಟು ಗೇರ್‌ಬಾಕ್ಸು, ಬೇರಿಂಗುಗಳ ಮೂಲಕ ದಾರಿ ಹುಡುಕುತ್ತದೆ. ಡೀಸೆಲ್ ಟ್ಯಾಂಕಿನ ಗೋಡೆಯೇ ದೋಣಿಯ ಬದಿಯಾಗಿದ್ದರೆ ಟ್ಯಾಂಕ್ ಖಾಲಿ ಮಾಡಿದರಷ್ಟೇ ಸಾಲದು. ತೊಳೆಸಿ, ಒಳಗಿನ ಆವಿ ಹೊರಹೋಗಿದೆಯೆಂದು ಪರೀಕ್ಷಿಸಿ, ಬರೆದುಕೊಟ್ಟ ಕಾಗದ ತೆಗೆದುಕೊಳ್ಳಿ. ಇದಕ್ಕೆ ಬೇರೆ ಜನ, ಬೇರೆ ಬಿಲ್ಲು, ಎಂಟು ದಿನ ಕಾಯುವಿಕೆ.

ರಿವೆಟ್ ದೋಣಿಗೆ ಇನ್ನೊಂದು ಕಾಟವಿದೆ. ವೆಲ್ಡಿಂಗಿನ ಶಾಖಕ್ಕೆ ಹಿಗ್ಗಿ ಕುಗ್ಗುವ ತಗಡು ಹತ್ತಿರದ ರಿವೆಟ್‌ಗಳನ್ನು ಸಡಿಲಿಸುತ್ತದೆ. ಹೊಸ ತಗಡಿನ ಅಂಚು ರಿವೆಟ್ ಸಾಲಿನ ಮೇಲೇ ಬೀಳದೆ ಅದನ್ನು ದಾಟಿ ಗಟ್ಟಿ ಉಕ್ಕಿನ ಮೇಲೆ ನಿಲ್ಲಬೇಕು. ಅಗಲದ ತಗಡಿನ ನಡುವೆಯೂ ತೂತು ಕೊರೆದು ಅಲ್ಲಲ್ಲಿ ಹಳೆಯದಕ್ಕೆ ಬೆಸೆಯಬೇಕು, ಇಲ್ಲದಿದ್ದರೆ ಎರಡರ ಮಧ್ಯೆ ಪೊಳ್ಳು ಉಳಿಯುತ್ತದೆ. ಸುತ್ತಲಿನ ವೆಲ್ಡಿಂಗ್ ಎಲ್ಲೂ ತುಂಡಾಗಬಾರದು. ಸೂಜಿಮೊನೆಯಷ್ಟು ಸಂದಿ ಸಿಕ್ಕರೂ ನೀರು ಒಳಸೇರಿ, ಎರಡು ಪದರಗಳ ನಡುವೆ ಕಣ್ಣಿಗೆ ಕಾಣದೆ ತಿನ್ನುತ್ತಾ ಹೋಗುತ್ತದೆ.

ತೂಕದ ಲೆಕ್ಕ ಇಲ್ಲಿ ಮತ್ತೆ ಬಂತು. 6 ಮಿಲಿಮೀಟರ್ ತಗಡು ಚದರ ಮೀಟರಿಗೆ 47 ಕಿಲೋ. 22 ಚದರ ಮೀಟರಿಗೆ ಒಂದು ಟನ್ನಿಗೂ ಸ್ವಲ್ಪ ಹೆಚ್ಚು. ನಮ್ಮ ಬಾರ್ಜನ್ನು ಒಂದು ಸೆಂಟಿಮೀಟರ್ ಮುಳುಗಿಸಲು ಸುಮಾರು 680 ಕಿಲೋ ಸಾಕು, ಆದ್ದರಿಂದ ದೋಣಿ ಒಂದೂವರೆ ಸೆಂಟಿಮೀಟರ್ ಕೆಳಗೆ ಕೂರುತ್ತದೆ. ಇದೇನು ಮಹಾ ಅನ್ನಿಸಬಹುದು. ಆದರೆ ಸಿಂಕಿನ ನೀರು ಹೊರಬೀಳುವ ತೂತು ನೀರಿನಿಂದ ಒಂದೆರಡು ಅಂಗುಲವಷ್ಟೇ ಮೇಲಿದ್ದರೆ ಅದೂ ಇಳಿಯುತ್ತದೆ. ತಳದಲ್ಲಿ ಭಾರಕ್ಕೆಂದು ಇಟ್ಟಿರುವ ಕಾಂಕ್ರೀಟ್ ಚಪ್ಪಡಿಗಳನ್ನು ಅಷ್ಟೇ ತೂಕದಷ್ಟು ಹೊರತೆಗೆಯುವುದು ಇದಕ್ಕೆ ಮದ್ದು.

ಈ ಹೊತ್ತಿನಲ್ಲಿ ಯಾರೂ ಮೊದಲೇ ಹೇಳದ ಖರ್ಚೊಂದು ಎದುರಾಯಿತು. ದಡದ ಮೇಲಿರುವ ದೋಣಿಯಲ್ಲಿ ಮಲಗಲು ಬಹಳಷ್ಟು ಯಾರ್ಡುಗಳು ಬಿಡುವುದಿಲ್ಲ. ಬಿಟ್ಟರೂ ನೀರು ಹೊರಚೆಲ್ಲುವಂತಿಲ್ಲ, ಶೌಚಕ್ಕೆ ಏಣಿಯಿಳಿದು ಹೋಗಬೇಕು. ಅದೇ ಮನೆಯಾಗಿದ್ದವರಿಗೆ ಬಾಡಿಗೆ ಕೋಣೆ ಹುಡುಕದೆ ಗತಿಯಿಲ್ಲ. ಯಾರ್ಡಿನ ಬಿಲ್ಲನ್ನೂ ಬಿಡಿಸಿ ಕೇಳಿ: ಎತ್ತಲು ಒಂದು, ಇಳಿಸಲು ಒಂದು, ಜಾಗಕ್ಕೆ ಮೀಟರ್ ಉದ್ದದ ಲೆಕ್ಕದಲ್ಲಿ ವಾರವಾರಕ್ಕೆ, ಕರೆಂಟಿಗೆ ಬೇರೆ. ಹೊರಗಿನ ವೆಲ್ಡರನ್ನು ಕರೆತರಬಹುದೇ ಎಂಬುದಕ್ಕೂ ಬರವಣಿಗೆಯಲ್ಲೇ ಉತ್ತರ ಬೇಕು. ಕೊನೆಗೆ ಲೆಕ್ಕ ಹಾಕಿದಾಗ ಹತ್ತು ಪೌಂಡ್ ಖರ್ಚಾಗಿದ್ದರೆ ಅದರಲ್ಲಿ ಆರು ಹೋದದ್ದು ಉಕ್ಕು, ಬಣ್ಣ, ಜಾಗದ ಬಾಡಿಗೆಗೆ. ಕಣ್ಣಿಗೆ ಕಾಣುವ ಮನೆಗೆ ನಾಲ್ಕೇ.

ಇನ್ನು ಬಣ್ಣ. ಎರಡು ದಾರಿ: ಡಾಂಬರಿನ ಕಪ್ಪು, ಅಥವಾ ಎರಡು ಡಬ್ಬ ಬೆರೆಸುವ ಎಪಾಕ್ಸಿ. ಡಾಂಬರು ಅಗ್ಗ, ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ಹಚ್ಚಬೇಕು. ಎಪಾಕ್ಸಿ ಅದಕ್ಕಿಂತ ಬಹಳ ಬಾಳುತ್ತದೆ, ಆದರೆ ಡಾಂಬರಿನ ಮೇಲೆ ನಿಲ್ಲುವುದಿಲ್ಲ. ಹಳೆಯದು ಚೂರೂ ಉಳಿಯದಂತೆ ಮರಳಿನಂಥ ಕಾಳನ್ನು ರಭಸದಿಂದ ಊದಿ, ಹೆಚ್ಚುಕಡಿಮೆ ಬಿಳಿಯುಕ್ಕು ಕಾಣುವ ತನಕ ಕೆರೆಯಬೇಕು. ಬ್ಲಾಸ್ಟಿಂಗಿನವರ ಭಾಷೆಯಲ್ಲಿ ಇದು ಎಸ್‌ಎ ಎರಡೂವರೆ ದರ್ಜೆ. ಹಾಗೆ ಬೆತ್ತಲಾದ ಉಕ್ಕು ಒದ್ದೆ ಹವೆಯಲ್ಲಿ ಕೆಲವೇ ಗಂಟೆಗಳಲ್ಲಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಅಷ್ಟರೊಳಗೆ ಮೊದಲ ಕೋಟು ಬೀಳಬೇಕು.

ಹತ್ತೊಂಬತ್ತರಲ್ಲಿ ನಾಲ್ಕು ವಾರ ನುಂಗಿದ್ದು ಇಬ್ಬನಿ. ಉಕ್ಕಿನ ಮೈ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು, ಗಾಳಿಯ ತೇವ ನೂರಕ್ಕೆ 85 ದಾಟಿರಬಾರದು ಎಂದು ಡಬ್ಬದ ಜೊತೆಯ ಹಾಳೆಯಲ್ಲಿದೆ. ಗಾಳಿ 12 ಡಿಗ್ರಿ, ತೇವ 80 ಇದ್ದ ಒಂದು ಬೆಳಿಗ್ಗೆ ಎಲ್ಲ ಸರಿಯಿದೆ ಎಂದೇ ತೋರಿತು. ಆದರೆ ಆ ಹವೆಯಲ್ಲಿ ಇಬ್ಬನಿ ಕಟ್ಟುವುದು 8.6 ಡಿಗ್ರಿಗೆ, ಅಂದರೆ ಉಕ್ಕು 11.6 ಮುಟ್ಟಿರಬೇಕು. ರಾತ್ರಿಯಿಡೀ ತಣಿದ 48 ಟನ್ ಕಬ್ಬಿಣ ಇನ್ನೂ 9ರಲ್ಲೇ ಇತ್ತು. ಗಾಳಿಯ ಉಷ್ಣತೆಯನ್ನು ನಂಬಬೇಡಿ, ಥರ್ಮಾಮೀಟರನ್ನು ಉಕ್ಕಿಗೇ ಹಚ್ಚಿ ನೋಡಿ. ಚಳಿಗಾಲಕ್ಕೆಂದೇ ಮಾಡಿದ ಎಪಾಕ್ಸಿ ಸಿಗುತ್ತದೆ, ಆದರೆ ಅದಕ್ಕೂ ಈ 3 ಡಿಗ್ರಿಯ ನಿಯಮ ತಪ್ಪಿದ್ದಲ್ಲ.

ಎಷ್ಟು ಬಣ್ಣ ಬೇಕು? ನೀರು ತಾಗುವ ಮೈ ಸುಮಾರು 120 ಚದರ ಮೀಟರ್. ಒಣಗಿದ ಮೇಲೆ 125 ಮೈಕ್ರಾನ್ ಉಳಿಯಬೇಕಾದರೆ, ನೂರಕ್ಕೆ 80 ಪಾಲು ಗಟ್ಟಿ ಅಂಶವಿರುವ ಬಣ್ಣ ಲೀಟರಿಗೆ 6.4 ಚದರ ಮೀಟರ್ ಸಾಗುತ್ತದೆ. ಕಾಗದದ ಮೇಲೆ 19 ಲೀಟರ್. ಒರಟು ಮೈ ಕುಡಿಯುವುದು, ರೋಲರಿನಲ್ಲಿ, ಡಬ್ಬದಲ್ಲಿ ಉಳಿಯುವುದು ಸೇರಿ ಒಂದು ಕೋಟ್‌ಗೆ 25 ಲೀಟರ್, ಮೂರು ಕೋಟ್‌ಗೆ 75. ಒಂದು ಕೋಟಿನ ಮೇಲೆ ಇನ್ನೊಂದನ್ನು ಹಚ್ಚಲು ಕನಿಷ್ಠ ಹೊತ್ತು ಇರುವಂತೆ ಗರಿಷ್ಠ ಗಡುವೂ ಇದೆ. ಗಡುವು ಮೀರಿದರೆ ಇಡೀ ಮೈಯನ್ನು ಕಾಗದದಿಂದ ಉಜ್ಜಿ ಒರಟು ಮಾಡದೆ ಮುಂದಿನದು ಹಿಡಿಯುವುದಿಲ್ಲ. ಮಳೆಯಿಂದ ಒಮ್ಮೆ ಹಾಗಾಯಿತು. 120 ಚದರ ಮೀಟರ್ ಉಜ್ಜಿದ ಭುಜಗಳು ವಾರ ಕಳೆದರೂ ಮರೆಯಲಿಲ್ಲ. ತಣ್ಣನೆಯ ತೇವದಲ್ಲಿ ಒಣಗಿದ ಎಪಾಕ್ಸಿಯ ಮೇಲೆ ಮೇಣದಂಥ ಅಂಟು ಕಾಣಿಸಿಕೊಂಡರೆ ಬಿಸಿನೀರು, ಬಟ್ಟೆ ಸಾಕು, ಆದರೆ ತೊಳೆಯದೆ ಮುಂದಿನ ಕೋಟು ಹಚ್ಚಬೇಡಿ.

ತುಕ್ಕನ್ನು ತಮ್ಮ ಮೇಲೆ ಎಳೆದುಕೊಂಡು ಸವೆಯುವ ಲೋಹದ ಗಟ್ಟಿಗಳು, ಆನೋಡುಗಳು, ಸಿಹಿನೀರಿಗೆ ಮೆಗ್ನೀಸಿಯಮ್ಮಿನವೇ ಆಗಬೇಕು. ಉಪ್ಪುನೀರಿಗೆ ಸತು. ನಮ್ಮ ಬಾರ್ಜಿನಲ್ಲಿದ್ದದ್ದು ಸತು, ಅದೂ ಹೊಸದರಂತೆ ಸವೆಯದೆ ಕೂತಿತ್ತು. ಕೆಲಸವೇ ಮಾಡಿರಲಿಲ್ಲ ಎಂದರ್ಥ. ಬಣ್ಣ ಹಚ್ಚುವ ಹುಮ್ಮಸ್ಸಿನಲ್ಲಿ ಆನೋಡಿಗೂ ಬಣ್ಣ ಬಳಿಯುವವರಿದ್ದಾರೆ, ಟೇಪು ಸುತ್ತಿಡಿ. ದಡದಿಂದ ಕರೆಂಟು ತೆಗೆದುಕೊಳ್ಳುವವರಾದರೆ ಗ್ಯಾಲ್ವಾನಿಕ್ ಐಸೊಲೇಟರ್ ಅಥವಾ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಪ್ಲಗ್ ಹಾಕಬೇಡಿ. ಅವಿಲ್ಲದಿದ್ದರೆ ಅರ್ತ್ ವಯರಿನ ಮೂಲಕ ಅಕ್ಕಪಕ್ಕದ ದೋಣಿಗಳೆಲ್ಲ ಒಂದೇ ಬ್ಯಾಟರಿಯಂತಾಗಿ, ನಿಮ್ಮ ಆನೋಡು ಊರವರ ದೋಣಿಗಳನ್ನೆಲ್ಲ ಕಾಯುತ್ತದೆ.

ದೋಣಿ ಮೇಲಿರುವಾಗಲೇ ಮುಗಿಸಬೇಕಾದವು ಇನ್ನೆರಡು. ನೀರಿನ ಗೆರೆಯ ಕೆಳಗಿನ ಹಿತ್ತಾಳೆ ವಾಲ್ವುಗಳನ್ನು ಚಾಕುವಿನಿಂದ ಕೆರೆದು ನೋಡಿ. ಹಳದಿಯ ಬದಲು ನಸುಗೆಂಪು ಕಂಡರೆ ಸತುವಿನ ಅಂಶ ಕರಗಿಹೋಗಿದೆ, ಕೈಯಲ್ಲಿ ಒತ್ತಿದರೂ ಮುರಿದೀತು. ಪ್ರೊಪೆಲರ್ ಶಾಫ್ಟ್ ಹೊರಹೋಗುವ ಕಡೆ ನೀರು ತಡೆಯುವ ಪ್ಯಾಕಿಂಗ್ ಹಗ್ಗವನ್ನು ಬದಲಿಸುವಾಗ ಹಳೆಯ ಸುತ್ತುಗಳನ್ನು ಎಣಿಸಿ ತೆಗೆಯಿರಿ. ಒಂದು ಒಳಗೆ ಉಳಿದರೆ ಹೊಸದು ಸರಿಯಾಗಿ ಕೂರದು. ಹೊಸ ಸುತ್ತುಗಳ ಜೋಡಣೆ ಒಂದರ ಮೇಲೊಂದು ಬಾರದಂತೆ ತಿರುಗಿಸಿ ಇಡಬೇಕು.

ನೀರಿಗಿಳಿಸುವ ದಿನ ಯಾರ್ಡಿಗೆ ಆತುರ, ಕ್ರೇನಿಗೆ ಮುಂದಿನ ದೋಣಿ ಕಾದಿರುತ್ತದೆ. ದೋಣಿ ತೇಲಿದರೂ ಪಟ್ಟಿಯಲ್ಲೇ ಹಿಡಿದಿರುವಾಗ ಟಾರ್ಚ್ ಹಿಡಿದು ಪ್ರತಿ ವಾಲ್ವು, ಪ್ರತಿ ಹೊಸ ವೆಲ್ಡಿಂಗ್ ಗೆರೆ ನೋಡಲು ಅರ್ಧ ಗಂಟೆ ಬೇಕೆಂದು ಹಿಂದಿನ ದಿನವೇ ಹೇಳಿಟ್ಟಿದ್ದೆವು. ಒಂದು ರಿವೆಟ್ ಜಿನುಗುತ್ತಿತ್ತು. ಮತ್ತೆ ಎತ್ತಿ, ಬೆಸೆದು, ಇಳಿಸಲು ಎರಡು ಗಂಟೆ. ಪಟ್ಟಿ ಬಿಚ್ಚಿದ ಮೇಲೆ ಗೊತ್ತಾಗಿದ್ದರೆ ಅದೇ ಇನ್ನೊಂದು ಪೂರ್ಣ ಬಿಲ್ಲು.

ಒಳಗಿನ ಕೆಲಸ ಬೇಗ ಸಾಗಿತು. ಫೋಮನ್ನು ಮತ್ತೆ ಸಿಂಪಡಿಸುವಾಗ ಉಕ್ಕಿನ ಪಕ್ಕೆಲುಬುಗಳೂ ಮುಚ್ಚಿಹೋಗಬೇಕು. ಅವು ಬಯಲಾಗಿದ್ದರೆ ಚಳಿಗಾಲದಲ್ಲಿ ಅಲ್ಲಿಂದಲೇ ನೀರು ತೊಟ್ಟಿಕ್ಕುತ್ತದೆ. ತಳಕ್ಕೆ ಮಾತ್ರ ಫೋಮು ಬೇಡ, ಉಕ್ಕು ಕಣ್ಣಿಗೆ ಕಾಣುತ್ತಿರಲಿ. ಚಪ್ಪಡಿಗಳನ್ನು ನೇರ ಉಕ್ಕಿನ ಮೇಲಿಡದೆ ಪ್ಲಾಸ್ಟಿಕ್ ಪಟ್ಟಿಗಳ ಮೇಲಿಟ್ಟೆವು. ಹಳೆಯ ವಯರುಗಳಲ್ಲಿ ಕೆಲವು ಒಣಕಡ್ಡಿಯಂತೆ ಮುರಿದವು. ಥರ್ಮೊಕೋಲಿಗೆ ತಾಗಿದ ಪಿವಿಸಿ ವಯರು ತನ್ನ ಮೆದುಗುಣ ಕಳೆದುಕೊಳ್ಳುತ್ತದೆ, ಎರಡನ್ನೂ ಒಟ್ಟಿಗೆ ಬಿಡಬಾರದು. ವಯರಿನ ದಪ್ಪವನ್ನು ಊಹಿಸಬೇಡಿ. ಬ್ಯಾಟರಿಯಿಂದ 8 ಮೀಟರ್ ದೂರದ 120 ವ್ಯಾಟ್ ಫ್ರಿಜ್ಜಿಗೆ 4 ಚದರ ಮಿಲಿಮೀಟರ್ ತಾಮ್ರ ಹಾಕಿದರೆ, 12 ವೋಲ್ಟಿನಲ್ಲಿ ಹೋಗಿಬರುವ ದಾರಿಯಲ್ಲೇ 0.7 ವೋಲ್ಟ್ ಸೋರುತ್ತದೆ, ನೂರಕ್ಕೆ ಆರು ಪಾಲು. ಅದೇ ವಯರು 24 ವೋಲ್ಟಿನಲ್ಲಿ 0.35 ಮಾತ್ರ, ನೂರಕ್ಕೆ ಒಂದೂವರೆ. ದೊಡ್ಡ ಬಾರ್ಜುಗಳಲ್ಲಿ 24 ವೋಲ್ಟ್ ಇರುವುದು ಇದಕ್ಕೇ. ಲಿಥಿಯಂ ಬ್ಯಾಟರಿ ಹಾಕುವವರು, ಸೊನ್ನೆ ಡಿಗ್ರಿಯ ಕೆಳಗೆ ಅದನ್ನು ಚಾರ್ಜ್ ಮಾಡಿದರೆ ಕೆಡುತ್ತದೆ ಎಂಬುದನ್ನು ಮರೆಯದೆ ಬೆಚ್ಚಗಿನ ಜಾಗ ಹುಡುಕಿ.

ಗ್ಯಾಸಿನ ವಿಷಯದಲ್ಲಿ ಕೈಚಳಕ ತೋರಿಸಬೇಡಿ. ವಾಸದ ದೋಣಿಯ ಗ್ಯಾಸ್ ಕೆಲಸವನ್ನು ಬ್ರಿಟನ್ನಿನಲ್ಲಿ ಗ್ಯಾಸ್ ಸೇಫ್ ಎಂಬ ಅಧಿಕೃತ ಗ್ಯಾಸ್ ಕೆಲಸಗಾರರ ಪಟ್ಟಿಯಲ್ಲಿ ನೋಂದಣಿಯುಳ್ಳವರೇ ಮಾಡಬೇಕೆಂದು ಕಾನೂನಿದೆ, ಅವರಲ್ಲೂ ದೋಣಿಯ ಕೆಲಸಕ್ಕೆ ಅರ್ಹತೆ ಪಡೆದವರು ಕಡಿಮೆ. ಇಲ್ಲಿ ಮತ್ತೆ ಐದು ವಾರ ಕಾಯಬೇಕಾಯಿತು. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಸೋರಿದರೆ ಹೊರಹೋಗದೆ ತಳದಲ್ಲಿ ಕೂರುತ್ತದೆ. ಸಿಲಿಂಡರಿನ ಪೆಟ್ಟಿಗೆಗೆ ದೋಣಿಯ ಹೊರಕ್ಕೆ ತೆರೆಯುವ ತೂತು ಅಡಿಯಲ್ಲಿಯೇ ಇರಬೇಕಾದ್ದು ಆ ಕಾರಣಕ್ಕೆ. ಕಟ್ಟಿಗೆ, ಕಲ್ಲಿದ್ದಲಿನ ಒಲೆಗೆ ಬಿಎಸ್ 8511 ಎಂಬ ಮಾನದಂಡದ ಪ್ರಕಾರ ಸುತ್ತಲಿನ ಅಂತರ, ಅಡಿಗಲ್ಲು, ಚಿಮಣಿ ಕೂರಿಸಿದೆವು.

ಕೊನೆಯ ಬಾಗಿಲು ದೋಣಿಗಳ ಸುರಕ್ಷತೆ ನೋಡುವ ಬೋಟ್ ಸೇಫ್ಟಿ ಸ್ಕೀಮಿನ ಪರೀಕ್ಷೆ. ಈ ಪ್ರಮಾಣಪತ್ರ ನಾಲ್ಕು ವರ್ಷ ನಡೆಯುತ್ತದೆ, ನದಿಯ ಈ ಭಾಗದ ಉಸ್ತುವಾರಿ ನೋಡುವ ಎನ್ವಿರಾನ್‌ಮೆಂಟ್ ಏಜೆನ್ಸಿಯ ನೋಂದಣಿಗೆ ಇದು ಬೇಕು. 2019ರ ಏಪ್ರಿಲಿನಿಂದ ಕಾರ್ಬನ್ ಮಾನಾಕ್ಸೈಡ್ ಅಲಾರಮ್ಮೂ ಕಡ್ಡಾಯ. ಅದಕ್ಕೂ ಮೊದಲು ಸರ್ವೇಯರ್ ಬರೆದ ಪ್ರತಿ ಸೂಚನೆ ಪೂರೈಸಿದೆಯೆಂದು ವಿಮೆ ಕಂಪನಿಗೆ ಯಾರ್ಡಿನ ಸಹಿಯುಳ್ಳ ಪತ್ರ ಹೋಗಿತ್ತು. ಪರೀಕ್ಷಕರು ಗ್ಯಾಸು, ಬ್ಯಾಟರಿ, ಇಂಧನದ ಪೈಪು ಎಲ್ಲವನ್ನೂ ಮೂರು ಗಂಟೆ ನೋಡಿ ತಡೆದದ್ದು ಒಂದೇ ಕಾರಣಕ್ಕೆ: ಹೊಸ ಬಣ್ಣ ಬಳಿಯುವಾಗ ಡೀಸೆಲ್ ತುಂಬಿಸುವ ಬಾಯಿಯ ಮೇಲಿದ್ದ "ಡೀಸೆಲ್" ಎಂಬ ಗುರುತು ಮುಚ್ಚಿಹೋಗಿತ್ತು. ಹಿತ್ತಾಳೆಯ ಹೊಸ ಪಟ್ಟಿ ತರಿಸಿ, ಅಂಟಿಸಿ, ಫೋಟೊ ಕಳಿಸಲು ಆರು ದಿನ.

ಪ್ರಮಾಣಪತ್ರ ಕೈಗೆ ಬಂದ ದಿನವೂ ಶಾಫ್ಟಿನ ಕೆಳಗಿನ ಗುಂಡಿಯಲ್ಲಿ ಅರ್ಧ ಲೋಟ ನೀರಿತ್ತು. ಹೊಸ ಪ್ಯಾಕಿಂಗು ಮೊದಲ ಹತ್ತು ಗಂಟೆ ಎಂಜಿನ್ ಓಡಿದ ಮೇಲೆ ಸಡಿಲಾಗುತ್ತದೆ. ಎರಡೂ ನಟ್ಟುಗಳನ್ನು ಸಮವಾಗಿ ಕಾಲು ಕಾಲು ಸುತ್ತು ಬಿಗಿಯಬೇಕು, ಶಾಫ್ಟು ಕೈಗೆ ಬಿಸಿ ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಬೇಕು.